ಹಳೆಯ ಸನ್‌ಸ್ಕ್ರೀನ್: ಹಚ್ಚಬಹುದೇ, ಎಸೆಯಬೇಕೇ?

ಹೋದ ಬೇಸಿಗೆಯಲ್ಲಿ ಕೊಂಡ ಸನ್‌ಸ್ಕ್ರೀನ್ ಟ್ಯೂಬಿನಲ್ಲಿ ಅರ್ಧ ಉಳಿದಿದೆ. ಈ ವರ್ಷದ ಕ್ರೀಡಾಕೂಟಕ್ಕೆ ಅದನ್ನೇ ಹಚ್ಚಿಕೊಂಡು ಹೋಗಬಹುದೇ? ಟ್ಯೂಬಿನೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ಉತ್ತರ ತಾನಾಗಿ ಸಿಗುತ್ತದೆ.

ನಮ್ಮನ್ನು ತಲುಪುವ ನೇರಳಾತೀತ ಕಿರಣಗಳಲ್ಲಿ ಎರಡು ಬಗೆ. ಯುವಿ-ಬಿ ಮುಖ್ಯವಾಗಿ ಚರ್ಮವನ್ನು ಸುಡುತ್ತದೆ. ಯುವಿ-ಎ ಇನ್ನೂ ಆಳಕ್ಕೆ ಇಳಿಯುತ್ತದೆ. ಇವನ್ನು ತಡೆಯುವ ವಸ್ತುಗಳಲ್ಲೂ ಎರಡು ಬಗೆ. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಖನಿಜ ಪುಡಿಗಳು. ಅವು ಸುಲಭವಾಗಿ ಕೆಡುವುದಿಲ್ಲ. ಅವೊಬೆನ್‌ಝೋನ್‌ನಂಥ ಸಾವಯವ ಸಂಯುಕ್ತಗಳ ಸ್ವಭಾವ ಬೇರೆ. ಬೆಳಕು ಬಿದ್ದಾಗ ಅವೊಬೆನ್‌ಝೋನ್‌ನ ಅಣು ಒಡೆಯುತ್ತದೆ. ಅದಕ್ಕೆ ಸ್ಥಿರತೆ ಕೊಡಲು ಆಕ್ಟೊಕ್ರಿಲೀನ್ ಸೇರಿಸುವುದುಂಟು. ಆದರೆ ಅದೂ ಕಾಲಕ್ರಮೇಣ ಬದಲಾಗಿ ಬೆನ್‌ಝೋಫಿನೋನ್ ಉಂಟಾಗುತ್ತದೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಹಾಗಾದರೆ ಖನಿಜದ ಸನ್‌ಸ್ಕ್ರೀನ್ ಚಿರಾಯುವೇ? ಅಲ್ಲ. ಸಾಮಾನ್ಯವಾಗಿ ಸನ್‌ಸ್ಕ್ರೀನ್ ಎಂದರೆ ಎಣ್ಣೆ ಮತ್ತು ನೀರಿನ ಮಿಶ್ರಣ. ದಿನ ಕಳೆದಂತೆ ಎರಡೂ ಬೇರ್ಪಡುತ್ತವೆ, ಪುಡಿ ಗಂಟುಕಟ್ಟುತ್ತದೆ. ಹಚ್ಚಿದಾಗ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ತೆಳುವಾದಲ್ಲಿ ಚರ್ಮ ಸುಡುತ್ತದೆ. ಸಂರಕ್ಷಕಗಳ ಬಲ ಕುಗ್ಗಿದರೆ ಸೂಕ್ಷ್ಮಜೀವಿಗಳೂ ಬೆಳೆಯಬಹುದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರು, ಕಿಟಕಿಯ ಅಂಚು ಮುಂತಾದ ಕಡೆ ಇಟ್ಟರೆ ಇದೆಲ್ಲ ಬೇಗ ಆಗುತ್ತದೆ.

ಇನ್ನು ವಯಸ್ಸು ತಿಳಿಯುವ ಬಗೆ. ನಮ್ಮ ದೇಶದ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಯಾವ ತಿಂಗಳು, ಯಾವ ವರ್ಷದೊಳಗೆ ಬಳಸಬೇಕು ಎಂಬುದು ಲೇಬಲ್ ಮೇಲೆ ಇರಬೇಕು. ಕೆಲವು ಟ್ಯೂಬುಗಳ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ '12 ಎಂ' ಎಂದಿರುತ್ತದೆ. ತೆರೆದ ಮೇಲೆ 12 ತಿಂಗಳು ಎಂದು ಅದರ ಅರ್ಥ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು. ಅಮೆರಿಕದಲ್ಲಿ ದಿನಾಂಕವಿಲ್ಲದ ಸನ್‌ಸ್ಕ್ರೀನಿಗೆ ಕೊಂಡ ದಿನದಿಂದ 3 ವರ್ಷ ಆಯುಸ್ಸು ಎಂದು ಎಣಿಸುತ್ತಾರೆ. ಬ್ಯಾಚ್ ಸಂಖ್ಯೆ ನೋಡಿ ವಯಸ್ಸು ಊಹಿಸಲು ಹೋಗಬೇಡಿ. ಒಂದೊಂದು ಕಂಪನಿಯದು ಒಂದೊಂದು ಸಂಕೇತ. ಮುಚ್ಚಳ ತೆರೆದ ದಿನವೇ ಪೆನ್ನಿನಿಂದ ತಿಂಗಳು, ವರ್ಷ ಬರೆದಿಡುವುದು ಸುಲಭ.

ಕೆಟ್ಟ ವಾಸನೆ, ಬದಲಾದ ಬಣ್ಣ, ಮೇಲೆ ತೇಲುವ ನೀರು ಕಂಡರೆ ದಿನಾಂಕ ಏನೇ ಇರಲಿ, ಎಸೆಯಿರಿ. ಆದರೆ ನೋಡಲು ಚೆನ್ನಾಗಿದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. ಎಸ್‌ಪಿಎಫ್ ಕಣ್ಣಿಗೆ ಕಾಣುವುದಿಲ್ಲ. ಶಕ್ತಿ ಕುಂದಿದ ಲೇಪ ಹಚ್ಚಿಕೊಂಡವರು ರಕ್ಷಣೆ ಇದೆಯೆಂದು ನಂಬಿ ಇನ್ನಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುತ್ತಾರೆ. ಅಪಾಯ ಇರುವುದು ಅಲ್ಲಿಯೇ.

ಕೊನೆಗೊಂದು ಲೆಕ್ಕ. ಎಸ್‌ಪಿಎಫ್ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖಕ್ಕೆ 500 ಚದರ ಸೆಂಟಿಮೀಟರ್ ಎಂದು ಹಿಡಿದರೂ ಒಂದು ಸಲಕ್ಕೆ 1 ಗ್ರಾಂ ಬೇಕು. ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬು 50 ದಿನಕ್ಕೆ ಮುಗಿಯುತ್ತದೆ. ದಿನವೂ ಹಚ್ಚಿಯೂ ಅದು ವರ್ಷಗಟ್ಟಲೆ ಉಳಿದಿದ್ದರೆ, ನೀವು ಹಚ್ಚಿಕೊಳ್ಳುತ್ತಿರುವುದೇ ಸಾಲದು!