ದಾವಾ ಅರ್ಜಿಯೂ ಜಮೀನಿನ ಚೆಕ್ಕುಬಂದಿಯೂ

ಮುಂಗಾರು ಮಳೆ ಬಿದ್ದು ನೇಗಿಲು ಹೊಲಕ್ಕಿಳಿಯುವ ಕಾಲದಲ್ಲಿಯೇ ಬದುಗಳ ವ್ಯಾಜ್ಯಗಳೂ ತಲೆಯೆತ್ತುವುದುಂಟು. ಗ್ರಾಮದ ಯಜಮಾನರ ಬುದ್ಧಿವಾದದಿಂದ ತೀರದೆ ಹೋದಲ್ಲಿ ವ್ಯಾಜ್ಯವು ಸಿವಿಲ್ ನ್ಯಾಯಾಲಯವನ್ನು ಸೇರುತ್ತದೆ. ಅಲ್ಲಿ ಮೊಟ್ಟಮೊದಲು ಸಲ್ಲಿಸತಕ್ಕ ಕಾಗದವೇ ದಾವಾ ಅರ್ಜಿ. ಇದಕ್ಕೆ ವಾದಪತ್ರವೆಂದೂ ಹೆಸರು. ಬೀಜವು ಜೊಳ್ಳಾದರೆ ಎಷ್ಟು ಗೊಬ್ಬರ ಹಾಕಿದರೂ ಪೈರು ಏಳದು. ಅದರಂತೆಯೇ ಈ ಅರ್ಜಿಯು ದೋಷಯುಕ್ತವಾದರೆ ಮುಂದಿನ ಶ್ರಮವೂ ವೆಚ್ಚವೂ ವ್ಯರ್ಥವಾಗುವ ಸಂಭವವುಂಟು.

ಅರ್ಜಿಯನ್ನು ಬರೆಯುವುದು ವಕೀಲರ ಕೆಲಸವೆಂದು ರೈತರು ಸುಮ್ಮನಿರುವುದು ವಾಡಿಕೆ. ಕಾನೂನಿನ ಭಾಗಕ್ಕೆ ಈ ಮಾತು ಸರಿಯೇ. ಆದರೆ ಹೊಲವನ್ನು ಬಲ್ಲವರು ರೈತರೇ ಹೊರತು ವಕೀಲರಲ್ಲ.

1908ನೆಯ ಇಸವಿಯ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಅರ್ಜಿಯಲ್ಲಿ ನ್ಯಾಯಾಲಯದ ಹೆಸರು, ವಾದಿ ಪ್ರತಿವಾದಿಗಳ ಹೆಸರು ಮತ್ತು ವಾಸಸ್ಥಳ, ವ್ಯಾಜ್ಯಕ್ಕೆ ಕಾರಣವಾದ ಸಂಗತಿಗಳು, ಆ ಕಾರಣವು ಹುಟ್ಟಿದ ಕಾಲ, ನ್ಯಾಯಾಲಯಕ್ಕೆ ಅಧಿಕಾರವಿರುವ ಬಗೆ, ದಾವೆಯ ಮೌಲ್ಯ, ಬೇಡುವ ಪರಿಹಾರ ಇವಿಷ್ಟೂ ಇರತಕ್ಕದ್ದು. ಕೊನೆಯಲ್ಲಿ ವಾದಿಯು ಸ್ಥಳವನ್ನೂ ತಾರೀಖನ್ನೂ ನಮೂದಿಸಿ, ಯಾವ ಸಂಗತಿಯು ತನ್ನ ಸ್ವಂತ ತಿಳಿವಳಿಕೆಯದು, ಯಾವುದು ಇತರರಿಂದ ತಿಳಿದುದು ಎಂಬುದನ್ನು ವಿಂಗಡಿಸಿ ರುಜು ಮಾಡಬೇಕು. ಪ್ರಮಾಣಪತ್ರವನ್ನೂ ಜೊತೆಗಿಡಬೇಕು. ಆದುದರಿಂದ ಅರ್ಜಿಯನ್ನು ಓದಿಸಿ ಕೇಳದೆ ಯಾರೂ ರುಜು ಹಾಕಲಾಗದು.

ಜಮೀನಿನ ದಾವೆಯಲ್ಲಿ ಇವೆಲ್ಲಕ್ಕಿಂತಲೂ ಹೆಚ್ಚಿನ ಎಚ್ಚರಿಕೆ ಬೇಕಾದುದು ಷೆಡ್ಯೂಲಿನಲ್ಲಿ. ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರವನ್ನು, ಚೆಕ್ಕುಬಂದಿ ಅಥವಾ ಸರ್ವೆ ನಂಬರಿನಿಂದ ಗುರುತಿಸಬಹುದಾದಲ್ಲಿ ಅವನ್ನು, ಕೊಡಲೇಬೇಕೆಂದು ಸಂಹಿತೆಯು ವಿಧಿಸಿದೆ.

ಒಂದು ದೃಷ್ಟಾಂತ. ಸರ್ವೆ ನಂಬರೊಂದರ 4 ಎಕರೆಯನ್ನು ಅಣ್ಣತಮ್ಮಂದಿರಿಬ್ಬರು ತಲಾ 2 ಎಕರೆಯಂತೆ ಹಂಚಿಕೊಂಡಿದ್ದಾರೆಂದು ಇಟ್ಟುಕೊಳ್ಳಿರಿ. ತಮ್ಮನ ಪಾಲಿನ ಪೂರ್ವದ ಅಂಚಿನಲ್ಲಿ ನೆರೆಯವನು 5 ಗುಂಟೆ ಒತ್ತುವರಿ ಮಾಡಿರುತ್ತಾನೆ. ತಮ್ಮನು ಅರ್ಜಿಯಲ್ಲಿ ‘ಪೈಕಿ 2 ಎಕರೆ’ ಎಂದಷ್ಟೇ ಬರೆಯಿಸಿ, ಚೆಕ್ಕುಬಂದಿಯನ್ನು ತಂದೆಯ ಕಾಲದ ಕ್ರಯಪತ್ರದಿಂದ ಇಳಿಸಿಕೊಂಡರೆ, ಅದು 4 ಎಕರೆಯನ್ನು ಸುತ್ತುವುದೇ ಹೊರತು ಅವನ ಪಾಲನ್ನು ಬೇರ್ಪಡಿಸದು; ಒತ್ತುವರಿಯ 5 ಗುಂಟೆಯಂತೂ ಎಲ್ಲಿಯೂ ಕಾಣದು. ಕಡೆಗೆ ಡಿಕ್ರಿಯಾಗಿ ಅಮೀನನು ಹೊಲಕ್ಕೆ ಬಂದಾಗ, ಎಲ್ಲಿಂದ ಎಲ್ಲಿಯವರೆಗೆ ಬಿಡಿಸಿಕೊಡಬೇಕೆಂಬುದೇ ತಿಳಿಯದು. ಗೆದ್ದವನು ಗೆದ್ದೂ ಸೋತಂತಾಗುವುದು.

ಇದನ್ನು ತಪ್ಪಿಸಲು ವಕೀಲರಲ್ಲಿಗೆ ಹೋಗುವುದಕ್ಕೆ ಮೊದಲೇ ಈ ಕೆಲಸಗಳನ್ನು ಮಾಡತಕ್ಕದ್ದು:

1. ತಾಲ್ಲೂಕು ಸರ್ವೆ ಕಛೇರಿಗೆ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಿ, ನಕ್ಷೆಯನ್ನು ಪಡೆಯುವುದು.

2. ಹೊಲದಲ್ಲಿ ನಿಂತು ನಾಲ್ಕು ದಿಕ್ಕುಗಳನ್ನೂ ಬರೆದುಕೊಳ್ಳುವುದು. ನೆರೆಯವರ ಈಗಿನ ಹೆಸರುಗಳೊಡನೆ ಬಾಂದುಕಲ್ಲು, ಬಾವಿ, ಬಂಡಿದಾರಿ, ಹಳ್ಳ ಮುಂತಾದ ಸ್ಥಿರವಾದ ಗುರುತುಗಳನ್ನೂ ಸೇರಿಸುವುದು.

3. ಇಡೀ ಹಿಡುವಳಿಗೆ ಒಂದು ಷೆಡ್ಯೂಲು, ಒತ್ತುವರಿಯಾದ ಭಾಗಕ್ಕೆ ಇನ್ನೊಂದು ಷೆಡ್ಯೂಲು ಬರೆಯಿಸುವುದು.

4. ಪಹಣಿ, ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀತಿ ಇವುಗಳನ್ನು ಪಟ್ಟಿಮಾಡಿ ಅರ್ಜಿಯೊಡನೆಯೇ ಹಾಜರುಪಡಿಸುವುದು. ಆಗ ತಾರದ ಪತ್ರವನ್ನು ಮುಂದೆ ನ್ಯಾಯಾಲಯದ ಅನುಮತಿಯಿಲ್ಲದೆ ವಾದಿಯ ಪರವಾಗಿ ಸಾಕ್ಷ್ಯಕ್ಕೆ ತೆಗೆದುಕೊಳ್ಳುವುದಿಲ್ಲ.

ಕೋರ್ಟು ಫೀ ಕಡಿಮೆಯಾಗಿದ್ದು, ನ್ಯಾಯಾಲಯವು ಕೊಟ್ಟ ಅವಧಿಯಲ್ಲಿ ತುಂಬದಿದ್ದರೆ ಅರ್ಜಿಯು ತಿರಸ್ಕೃತವಾಗುವುದು. ಹೊಸ ಅರ್ಜಿ ಕೊಡಲು ಅಡ್ಡಿಯಿಲ್ಲವಾದರೂ ವಾಯಿದೆಯು ಕಾಯುವುದಿಲ್ಲ. ಹಕ್ಕಿನ ಆಧಾರದಿಂದ ಜಮೀನಿನ ಸ್ವಾಧೀನವನ್ನು ಕೇಳಲು 1963ನೆಯ ಇಸವಿಯ ಕಾಲಪರಿಮಿತಿ ಅಧಿನಿಯಮದಂತೆ 12 ವರ್ಷಗಳುಂಟು. ಆದರೆ ಬಲಾತ್ಕಾರದಿಂದ ಹೊರಹಾಕಲ್ಪಟ್ಟವನು ಹಕ್ಕಿನ ವಿಚಾರವೆತ್ತದೆ ಕೇವಲ ಹಿಂದಿನ ಅನುಭವದ ಮೇಲೆ ಕೇಳುವುದಾದರೆ ಇರುವುದು 6 ತಿಂಗಳು ಮಾತ್ರ.

ವೆಚ್ಚಕ್ಕೆ ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೂ ವರಮಾನದ ಮಿತಿಯಿಲ್ಲದೆ ಅಲ್ಲಿ ವಕೀಲರ ನೆರವು ದೊರೆಯುವುದು. ಗ್ರಾಮದ ಮುಖಂಡರು ಇದನ್ನು ಅವರಿಗೆ ತಿಳಿಸಿಕೊಡಬೇಕು.

ಹದ್ದುಬಸ್ತಿನ ದಿನ ಉಭಯ ಪಕ್ಷದವರನ್ನೂ ಹೊಲಕ್ಕೆ ಕರೆತರುವುದು ಮುಖಂಡರು ಮಾಡಬಹುದಾದ ಇನ್ನೊಂದು ಉಪಕಾರ. ಅಳತೆಯ ಸರಪಳಿಯು ಎಲ್ಲರ ಕಣ್ಣೆದುರಿಗೆ ಹರಿದಲ್ಲಿ, ಎಷ್ಟೋ ವೇಳೆ ದಾವಾ ಅರ್ಜಿಯ ಅಗತ್ಯವೇ ಬೀಳದೆ ಬಿತ್ತನೆಯು ಹದಕ್ಕೆ ಸರಿಯಾಗಿ ನಡೆಯಬಹುದು.