ಬಣ್ಣದ ಕೆಳಗಿನ ಮರುತ್

ಬಳ್ಳಾರಿ ಗಾಂಧಿನಗರದ ಆ ಮನೆಗೆ ನಾನು ಹೋದದ್ದು ಫೋನಿನಲ್ಲಿದ್ದ ಒಂದು ಫೋಟೋ ತೋರಿಸುವುದಕ್ಕೆ. ಯಾವುದೋ ಊರಿನ ಸರ್ಕಲ್ಲಿನಲ್ಲಿ ಕಂಬದ ಮೇಲೆ ಏರಿಸಿಟ್ಟ ಹಳೇ ಮರುತ್ ಯುದ್ಧವಿಮಾನ. ಹೊಸ ಬಣ್ಣ ಬಳಿಸಿಕೊಂಡು ಮಿಂಚುತ್ತಿತ್ತು. ಆ ಮನೆಯ ತಾತ ಕನ್ನಡಕ ಏರಿಸಿ, ಫೋನನ್ನು ಮಾರುದ್ದ ದೂರ ಹಿಡಿದು ನೋಡಿದರು.

"ಮದುವಿ ಚಪ್ಪರದ ಕಂಬಕ್ಕ ಹೊಡ್ದಂಗ ಹೊಡ್ದಾರಲ್ಲೋ ತಮ್ಮಾ ಬಣ್ಣಾನ!"

ತಮ್ಮ ಹೆಸರು ಹಾಕಬಾರದು ಎಂಬ ಕರಾರಿನ ಮೇಲೆಯೇ ಅವರು ಮಾತಿಗೆ ಕೂತದ್ದು. ಸಿರುಗುಪ್ಪ ಕಡೆಯ ಭತ್ತದ ಗದ್ದೆಗಳಿಂದ ಹೊರಟು, ಅರವತ್ತರ ದಶಕದ ಕೊನೆಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ಸೇರಿ, ಮರುತ್ ವಿಮಾನದ ಮೈಗೆ ರಿವೆಟ್ ಹೊಡೆದವರು. ನಿವೃತ್ತಿಯ ನಂತರ ಮಗನ ಮನೆ, ಬಳ್ಳಾರಿ ಬಿಸಿಲು, ಬೆಳಗಿನ ವಾಕಿಂಗು. ವಿಮಾನದ ಮಾತು ಬಂದರೆ ಮಾತ್ರ ಬೆನ್ನು ನೆಟ್ಟಗಾಗುತ್ತದೆ.

ಫೋಟೋದಲ್ಲಿ ಅವರು ಹಿಡಿದ ತಪ್ಪುಗಳನ್ನು ಬರೆದುಕೊಳ್ಳುವಷ್ಟರಲ್ಲಿ ನನ್ನ ಕೈ ಸೋತಿತು. ವಾಯುಪಡೆಯ ವೃತ್ತಚಿಹ್ನೆಯಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಅದೇನೋ ಸರಿಯಿತ್ತು, ಆದರೆ ಉಂಗುರಗಳ ಅಗಲ ಒಂದಕ್ಕೊಂದು ಹೊಂದುತ್ತಿರಲಿಲ್ಲ. ನಂಬರನ್ನು ಅಂಗಡಿ ಬೋರ್ಡ್ ಬರೆಯುವವರ ಅಕ್ಷರದಲ್ಲಿ ಬರೆದಿದ್ದರು. ಪೈಲಟ್ ಕೂರುವ ಗಾಜಿನ ಗೂಡಿಗೂ ಬಣ್ಣ. ಮೂತಿಯ ಬಂದೂಕಿನ ತೂತುಗಳಿಗೆ ಪುಟ್ಟಿ ಮೆತ್ತಿದ್ದರು. ಗಾಳಿಯ ವೇಗ ಅಳೆಯುವ ಪೀಟೋ ಕೊಳವೆ ನಾಪತ್ತೆ. ಎಲ್ಲಕ್ಕಿಂತ ಅವರನ್ನು ಕಾಡಿದ್ದು ಸಣ್ಣಕ್ಷರಗಳು. ಇಲ್ಲಿ ಕಾಲಿಡಬೇಡಿ, ಇಲ್ಲಿ ಜಾಕ್ ಕೊಡಿ, ಅಪಘಾತವಾದರೆ ಇಲ್ಲಿ ಒಡೆಯಿರಿ ಎಂದು ಯುದ್ಧವಿಮಾನದ ಮೈತುಂಬ ಬರಹ ಇರುತ್ತದೆ. ಅದು ನೆಲದ ಮೇಲೆ ದುಡಿಯುವವರಿಗೆಂದು ಬರೆದದ್ದು. ಬಣ್ಣದವನು ಮೊದಲು ಅಳಿಸುವುದೂ ಅದನ್ನೇ. "ನಾವು ಇದ್ವಿ ಅನ್ನೋ ಗುರ್ತು ಅದೊಂದ ಆಗಿತ್ತು" ಎಂದರು ತಾತ.

ಮರುತ್ ಕಥೆ ಕೆಲವರಿಗೆ ಗೊತ್ತಿರಬಹುದು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ, ಮುಂದೆ ಎಚ್‌ಎಎಲ್ ಆದ ವಿಮಾನ ಕಾರ್ಖಾನೆ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಫೋಕ್-ವುಲ್ಫ್ 190 ವಿನ್ಯಾಸ ಮಾಡಿಕೊಟ್ಟ ಕುರ್ಟ್ ಟ್ಯಾಂಕ್, ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿ ಪೆರೋನ್ ಸರ್ಕಾರ ಉರುಳಿದ ಬಳಿಕ 1956ರಲ್ಲಿ ಮರುತ್ ವಿನ್ಯಾಸ ಮಾಡಲು ಇದೇ ಕಾರ್ಖಾನೆಗೆ ಬಂದರು. 1959ರಲ್ಲಿ ಮೊದಲು ಮರದಲ್ಲೇ ಪೂರ್ಣ ಅಳತೆಯ ಗ್ಲೈಡರ್ ಮಾಡಿ, ಡಕೋಟಾ ಸಾಗಣೆ ವಿಮಾನದ ಬಾಲಕ್ಕೆ ಕಟ್ಟಿ ಎಳೆದು ಹಾರಿಸಿ ನೋಡಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ನಿಜವಾದ ಜೆಟ್ಟನ್ನು ಮೇಲೇರಿಸಿದರು. ಒಟ್ಟು 147 ಮರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ಕಾದಾಡಿದವು. ಎರಡರಲ್ಲಿ ಒಂದು ಎಂಜಿನ್ ಕೆಟ್ಟರೂ ಮನೆ ಸೇರಿದ ಉದಾಹರಣೆಗಳಿವೆ. ತೊಂಬತ್ತರ ಹೊತ್ತಿಗೆ ಎಲ್ಲವೂ ಸೇವೆಯಿಂದ ಹೊರಬಿದ್ದವು. ಹೊಸ ಎಂಜಿನ್ ವ್ಯವಸ್ಥೆಯ ಪರೀಕ್ಷೆ ನಡೆಸುತ್ತಿದ್ದಾಗ ದಾಸ್ 1970ರ ಜನವರಿ 10ರಂದು ಎಚ್‌ಎಎಲ್ ನಿಲ್ದಾಣದಲ್ಲೇ ತೀರಿಕೊಂಡರು. ಬೆಂಗಳೂರಿನಲ್ಲಿ ದಿನವೂ ಸಾವಿರಾರು ಜನ ಓಡಾಡುವ ಸುರಂಜನ್ ದಾಸ್ ರಸ್ತೆ ಅವರದೇ ಹೆಸರಿನದು. ದಾಸ್ ತೀರಿಕೊಂಡ ಆ ದಿನದ ಬಗ್ಗೆ ಕೇಳಿದರೆ ತಾತ ಚಹಾ ತರಲು ಸೊಸೆಗೆ ಹೇಳುತ್ತಾರೆ.

ಇವತ್ತು ಮರುತ್ ನೋಡಬೇಕೆಂದರೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. 2001ರಲ್ಲಿ ತೆರೆದ ಈ ಜಾಗದಲ್ಲಿ ಅಜೀತ್, ಕ್ಯಾನ್‌ಬೆರಾ, ಕಿರಣ್, ಎಚ್‌ಟಿ-2 ವಿಮಾನಗಳೂ ಇವೆ. ಮಕ್ಕಳು ರಜೆಯಲ್ಲಿ ಮುತ್ತುತ್ತಾರೆ. ಜರ್ಮನಿಯ ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್‌ನಲ್ಲೂ ನಮ್ಮ ಬೆಂಗಳೂರಿನ ಒಂದು ಮರುತ್ ಇದೆ. ಟ್ಯಾಂಕ್ ತೀರಿಕೊಂಡದ್ದೂ ಮ್ಯೂನಿಕ್‌ನಲ್ಲೇ, 1983ರಲ್ಲಿ. ಆದರೆ ಹಾರುವ ಮರುತ್ ಜಗತ್ತಿನಲ್ಲೆಲ್ಲೂ ಇಲ್ಲ.

ಹಾಗಾದರೆ ಒಂದನ್ನಾದರೂ ಮತ್ತೆ ಹಾರಿಸಬಾರದೇಕೆ? ಇದು ನನ್ನ ಆಸೆಯ ಪ್ರಶ್ನೆ. ತಾತ ಇದನ್ನು ಕೇಳಿ ನಕ್ಕುಬಿಟ್ಟರು.

ನಿಲ್ಲಿಸಿದ ಜೆಟ್ ಸುಮ್ಮನೆ ನಿಂತಿರುವುದಿಲ್ಲ ಎಂಬುದು ಅವರ ಮಾತು. ರಬ್ಬರ್ ಸೀಲುಗಳು ಒಣಗುತ್ತವೆ, ಇಂಧನದ ಟ್ಯಾಂಕು ಸೀಳುತ್ತದೆ, ಎರಡು ಲೋಹ ಕೂಡಿದ ಕಡೆ ನೀರು ಸೇರಿ ತುಕ್ಕು ಒಳಗಿನಿಂದ ತಿನ್ನುತ್ತದೆ. ಪೈಲಟ್‌ನನ್ನು ಹೊರಗೆಸೆಯುವ ಮಾರ್ಟಿನ್-ಬೇಕರ್ ಕುರ್ಚಿಯ ಸಿಡಿಮದ್ದಿಗೆ ಆಯಸ್ಸು ಇರುತ್ತದೆ. ಅವಧಿ ಮುಗಿದ ಮೇಲೆ ಅದರ ಮೇಲೆ ಕೂರುವುದು ಹುಚ್ಚು. ಇವೆಲ್ಲವನ್ನೂ ಹಣ ಸುರಿದು ಸರಿಮಾಡಬಹುದು. ಸರಿಮಾಡಲಾಗದ್ದು ಕಾಗದ. ಯಾವ ಬಿಡಿಭಾಗ ಎಷ್ಟು ಗಂಟೆ ಹಾರಿದೆ, ಯಾವಾಗ ಬದಲಾಯಿತು, ಯಾರು ಸಹಿ ಹಾಕಿದರು ಎಂಬ ಲಾಗ್ ಬುಕ್ ಇಲ್ಲದ ವಿಮಾನ ಅವರ ಲೆಕ್ಕದಲ್ಲಿ ಬರೀ ತಗಡು.

ಹೊರದೇಶಗಳು ಈ ಇಕ್ಕಟ್ಟನ್ನು ಬೇರೆ ಬೇರೆ ರೀತಿಯಲ್ಲಿ ದಾಟಿವೆ. ಅಮೆರಿಕದಲ್ಲಿ ಜರ್ಮನಿಯ ಮೆಸೆರ್‌ಸ್ಮಿಟ್ 262 ಜೆಟ್ಟನ್ನು ಹೊಸದಾಗಿಯೇ ಕಟ್ಟಿ ಹಾರಿಸಿದರು. ಅಳತೆ, ಆಕಾರ ಹಳೆಯದರಂತೆಯೇ. ಆದರೆ ಮೂಲದ ಯೂಮೋ ಎಂಜಿನ್ ಕೆಲವೇ ಗಂಟೆಗಳಲ್ಲಿ ಸವೆದುಹೋಗುವಂಥದ್ದು. ಹಾಗಾಗಿ ಯೂಮೋ ಆಕಾರದ ಕವಚದೊಳಗೆ ಅಮೆರಿಕದ ಜಿಇ ಎಂಜಿನ್ ಅಡಗಿಸಿಟ್ಟರು. ಇದು ನಿಜವೇ, ವೇಷವೇ? ನಮ್ಮಲ್ಲೂ ಇಂಥದ್ದೊಂದಿದೆ. ರಾಜೀವ್ ಚಂದ್ರಶೇಖರ್ ವಾಯುಪಡೆಗೆ ಕೊಟ್ಟ, 2018ರಲ್ಲಿ ಬ್ರಿಟನ್ನಿನಿಂದ ಹಾರಿಬಂದ ಡಕೋಟಾ 'ಪರಶುರಾಮ'ನ ಮೈಮೇಲೆ ವಿಪಿ 905 ಎಂದಿದೆ. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಸೈನಿಕರನ್ನು ಇಳಿಸಿದ ಮೊದಲ ಡಕೋಟಾದ ನಂಬರು ಅದು. ಈಗ ಹಾರುತ್ತಿರುವುದು ಅದೇ ಜಾತಿಯ ಬೇರೆ ವಿಮಾನ. ನಂಬರು ಮಾತ್ರ ಗೌರವಕ್ಕೆ. ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ, ಪಕ್ಕದಲ್ಲೊಂದು ಫಲಕ ಇದ್ದರೆ ಸಾಕು. ತಾತ ಒಪ್ಪಲಿಲ್ಲ. ನಂಬರು ಅಂದರೆ ಅವರಿಗೆ ಒಂದು ಜೀವದ ಜಾತಕ. ಇನ್ನೊಬ್ಬರ ಜಾತಕ ಇಟ್ಟುಕೊಂಡು ಓಡಾಡಬಾರದು.

ವಾಯುಪಡೆ ಇನ್ನೂ ಹಾರಿಸುವ ಹಳೇ ವಿಮಾನಗಳ ಬಳಗದಲ್ಲಿ ಹೆಸರಾದ ಟೈಗರ್ ಮಾತ್, ಹಾರ್ವರ್ಡ್, ಡಕೋಟಾ ಮೂರೂ ಫ್ಯಾನಿನವು. ಜೆಟ್‌ನ ಲೆಕ್ಕವೇ ಬೇರೆ. ಬ್ರಿಟನ್ನಿನಲ್ಲಿ 2007ರಿಂದ ಮತ್ತೆ ಹಾರಿದ ವಲ್ಕನ್ ಬಾಂಬರ್ 2015ರಲ್ಲಿ ಶಾಶ್ವತವಾಗಿ ನೆಲಕ್ಕಿಳಿಯಿತು; ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು ಇನ್ನು ನಮ್ಮಿಂದಾಗದು ಎಂದಿದ್ದವು. ಅದೇ ವರ್ಷದ ಆಗಸ್ಟ್ 22ರಂದು ಶೋರಮ್ ಪ್ರದರ್ಶನದಲ್ಲಿ ಹಳೆಯ ಹಂಟರ್ ಜೆಟ್ ಹೆದ್ದಾರಿಯ ಮೇಲೆ ಬಿದ್ದು ಹನ್ನೊಂದು ಮಂದಿ ಸತ್ತರು. ಆಮೇಲೆ ಅಲ್ಲಿನ ನಿಯಮಗಳು ಬಿಗಿಯಾದವು.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಆಸೆ ಪೂರ್ತಿ ಸಾಯಲಿಲ್ಲ. ಕಾರಣ ಆರ್ಫಿಯಸ್. ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ರೂಪಿಸಿದ, ಬೆಂಗಳೂರಿನಲ್ಲೇ ಪರವಾನಗಿ ಪಡೆದು ತಯಾರಿಸಿದ ಎಂಜಿನ್ ಇದು. ನ್ಯಾಟ್ ಯುದ್ಧವಿಮಾನಕ್ಕೂ ಇದೇ. ಮರುತ್‌ಗೆ ಇದರ 703 ಮಾದರಿಯ ಜೋಡಿ. ಬಯಸಿದ್ದ ಇನ್ನೂ ಬಲವಾದ ಆರ್ಫಿಯಸ್ ಕೈಗೆ ಸಿಗದೆ, ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಂಡ ಕನಸು ಒಂದು ಪಟ್ಟಿನ ಹತ್ತಿರಕ್ಕೇ ನಿಂತದ್ದು ಈ ಜೋಡಿಯಿಂದಲೇ. ಮುಂದೆ ಕಿರಣ್ ಮಾರ್ಕ್-2 ತರಬೇತಿ ವಿಮಾನಕ್ಕೂ ಆರ್ಫಿಯಸ್ಸೇ ಬಂತು. ಕಿರಣ್ ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಹೊಸ ಪರಿಚಯ ಬೇಕಿಲ್ಲ. 1996ರಲ್ಲಿ ಬೀದರಿನಲ್ಲಿ ಹುಟ್ಟಿದ, ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡ 2011ರವರೆಗೆ ಹಾರಿಸಿದ್ದು ಇದೇ ಮಾರ್ಕ್-2ಗಳನ್ನು.

ಅಂದರೆ ಮರುತ್‌ನ ಎಂಜಿನ್ ವಂಶದ ಕೆಲಸ ನಿನ್ನೆ ಮೊನ್ನೆಯವರೆಗೂ ನಡೆದಿದೆ. ಅದರ ಪುಸ್ತಕಗಳು, ಹತಾರಗಳು, ಬಿಚ್ಚಿ ಜೋಡಿಸಬಲ್ಲ ಕೈಗಳು ಮರುತ್‌ನವಷ್ಟು ದೂರ ಹೋಗಿಲ್ಲ. ಮರುತ್ ಆಗದಿದ್ದರೆ ಕಿರಣ್ ಆದೀತಲ್ಲ? ಅದರ ವೇಗ ಕಡಿಮೆ, ಸ್ವಭಾವ ಸೌಮ್ಯ, ಕಟ್ಟಿದ್ದೂ ಇಲ್ಲೇ. ಮುಖ್ಯವಾಗಿ ಅದರ ಲಾಗ್ ಬುಕ್ಕುಗಳು ಇನ್ನೂ ಗುಜರಿಗೆ ಬಿದ್ದಿರಲಾರವು. ಬೀದರಿನವರು ಕಂಡ ಬಣ್ಣದಲ್ಲಿ, ತನ್ನದೇ ನಂಬರಿನಲ್ಲಿ, ತನ್ನದೇ ಎಂಜಿನ್ನಿನೊಂದಿಗೆ ಒಂದು ಮಾರ್ಕ್-2 ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಹಾರಿದರೆ ಯಾವ ವೇಷವೂ ಬೇಕಾಗದು.

ಇದನ್ನು ಹೇಳಿದಾಗ ತಾತ ಮೊದಲ ಸಲ ತಲೆಯಾಡಿಸಿದರು. "ಕಿರಣ್ ಹಾರ್ಸ್ರಿ ಬೇಕಾದ್ರ. ಮರುತ್‌ಗೆ ಕೈ ಹಚ್ಚಬ್ಯಾಡ್ರಿ. ಅದರ ಮ್ಯಾಲಿನ ಅಕ್ಷರ ಮಾತ್ರ ಸರಿ ಬರೀರಿ, ಸಾಕು."

ಆ ಅಕ್ಷರಗಳು ಎಲ್ಲೆಲ್ಲಿ, ಎಷ್ಟೆಷ್ಟು ದಪ್ಪ ಎಂದು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಡಿ ಎಂದು ಕೇಳಿದೆ. ಎಡ ರೆಕ್ಕೆಯದು ಪೂರಾ ಬರೆದುಕೊಟ್ಟರು. ಬಲಗಡೆ ತಾವು ಕೆಲಸ ಮಾಡಿಲ್ಲ, ಅದನ್ನು ಮಾಡಿದ ಜೊತೆಗಾರ ಹೋದ ವರ್ಷ ತೀರಿಕೊಂಡ ಎಂದರು.