ಮರದಲ್ಲಿ ಕಡೆದ ಚಿನ್ನ

ಹಳೆಯ ಯಕ್ಷಗಾನ ಆಭರಣಗಳನ್ನು ಸಂಗ್ರಹಿಸುವ ಕುಂದಾಪುರದ ಮಿತ್ರರೊಬ್ಬರ ಉಪ್ಪರಿಗೆಯಲ್ಲಿ ಕಿರೀಟ, ಡಾಬು, ಕರ್ಣಕುಂಡಲಗಳು ಸಾಲಾಗಿದ್ದರೂ, ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಕೆಂಪು ಬಟ್ಟೆಯ ಮೇಲಿರಿಸಿದ್ದ ಒಂದು ಜೊತೆ ಭುಜಕೀರ್ತಿ. ಮೇಲೆ ಹೊದಿಸಿದ ಹೊಳಪಿನ ಬೇಗಡೆ ಅಲ್ಲಲ್ಲಿ ಎದ್ದುಹೋಗಿ ಒಳಗಿನ ಮರ ಕಾಣುತ್ತಿತ್ತು. ಕನ್ನಡಿಯ ಚೂರುಗಳು ಮಾತ್ರ ಒಂದೂ ಕದಲಿರಲಿಲ್ಲ. ಅವುಗಳಲ್ಲಿ ಯಾವೊಂದೂ ಇನ್ನೊಂದರ ಅಳತೆಯದಲ್ಲವಾದರೂ ವಿನ್ಯಾಸದ ಹೊಂದಿಕೆ ಎಲ್ಲಿಯೂ ತಪ್ಪಿರಲಿಲ್ಲ. ಎಡಭುಜದ ಸುಳಿಯು ಬಲಭುಜದಲ್ಲಿ ಕೂದಲೆಳೆಯಷ್ಟು ಬೇರೆಯಾಗಿ ತಿರುಗಿತ್ತು. ಅಚ್ಚಿನಿಂದಿಳಿದ ವಸ್ತುವಿಗೆ ಈ ಭಾಗ್ಯವಿಲ್ಲ.

ಮಿತ್ರರು ಅದನ್ನು ಮಗುಚಿ ಬೆನ್ನು ತೋರಿಸಿದರು. ಪ್ರೇಕ್ಷಕನ ದೃಷ್ಟಿಗೆ ಎಂದೂ ಬೀಳದ ಆ ಮಗ್ಗುಲಲ್ಲಿ ಉಳಿಯ ಏಟುಗಳು ಸ್ಫುಟವಾಗಿ ಉಳಿದಿದ್ದವು. ಬಟ್ಟೆಯ ಅಂಚು ಬೆವರು ಕುಡಿದು ಕಪ್ಪಾಗಿತ್ತು. ಕೆತ್ತಿದವನ ಅಂಕಿತವಿಲ್ಲದ ಈ ಕಲೆಯಲ್ಲಿ ಅವರು ಕರ್ತೃವನ್ನು ಗುರುತಿಸುವುದು ಮುಂಭಾಗದ ಹೊಳಪಿನಿಂದಲ್ಲ, ಈ ಹಿಂಭಾಗದ ಏಟುಗಳ ಓಟದಿಂದ. ಬೇರೆ ಬೇರೆ ಮನೆಗಳಿಂದ ಬಂದ ತುಣುಕುಗಳನ್ನು ಹೀಗೆ ಹೋಲಿಸಿ, "ಇದೂ ಅದೂ ಒಂದೇ ಕೈ" ಎಂದು ಜೊತೆಗೂಡಿಸಿ ಇರಿಸಿದ್ದಾರೆ. ಇವೆಲ್ಲ ಹೇಗೆ ದೊರೆತವೆಂದು ಕೇಳಿದುದಕ್ಕೆ, "ಹೊಸ್ದ್ ಬಂದ್ ಕೂಡ್ಲೆ ಹಳೇದ್ ಅಟ್ಟಕ್ಕ್ ಹೋತ್ತ್ ಮಾರಾಯ್ರೆ, ಅಟ್ಟದಿಂದ್ ಒಲಿಗ್ ಹೋಪುಕ್ ಎಷ್ಟ್ ಹೊತ್ತ್?" ಎಂದು ನಕ್ಕರು.

ರಾತ್ರಿಯಿಡೀ ಕುಣಿಯತಕ್ಕ, ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ವೇಷಧಾರಿಗೆ ಲೋಹದ ಭಾರ ಸಲ್ಲದು. ಆದುದರಿಂದಲೇ ಹಗುರವಾದ ಮರವನ್ನು ಒಣಗಿಸಿ, ತೆಳ್ಳಗೆ ಸೀಳಿ, ಹೂಬಳ್ಳಿಯ ಆಕೃತಿಯಲ್ಲಿ ಕೆತ್ತಿ, ಬೇಗಡೆ ಹೊದಿಸಿ, ಕನ್ನಡಿಯನ್ನೂ ಬಣ್ಣದ ಕಲ್ಲನ್ನೂ ಕೂರಿಸುವ ಈ ವಿಧಾನ ಬೆಳೆದುಬಂದಿತು. ದೀವಟಿಗೆಯ ಕಾಲದಲ್ಲಿ ವೇಷವು ತಿರುಗಿದಂತೆಲ್ಲ ಈ ಚೂರುಗಳು ಜ್ವಾಲೆಯನ್ನು ಒಡೆದು ಸಭೆಯ ಮೇಲೆ ಚೆಲ್ಲುತ್ತಿದ್ದವು. ಗ್ಯಾಸ್‌ಲೈಟೂ ಬಳಿಕ ವಿದ್ಯುದ್ದೀಪವೂ ಬಂದು ರಂಗಸ್ಥಳವೆಲ್ಲ ಸಮನಾಗಿ ಬೆಳಗಿದ ಮೇಲೆ, ಕನ್ನಡಿಯ ಕಾರ್ಯ ಅರ್ಧಕ್ಕರ್ಧ ಕುಗ್ಗಿತು.

ಕುಣಿದವರ ಹೆಸರಾದರೋ ಉಳಿದಿದೆ. ಬ್ರಹ್ಮಾವರದ ಸುತ್ತಲಿನ ಹಾರಾಡಿ, ಮಟಪಾಡಿ ಎಂಬ ಊರುಗಳು ಕುಣಿತದ ಎರಡು ಶೈಲಿಗಳಿಗೆ ಹೆಸರಾಗಿ ನಿಂತಿವೆ. ಹಾರಾಡಿ ರಾಮ ಗಾಣಿಗರ ವೇಷದ ಗಾಂಭೀರ್ಯವನ್ನು ಅವರನ್ನು ಕಾಣದವರೂ ವರ್ಣಿಸಬಲ್ಲರು. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' ಗ್ರಂಥದಲ್ಲಿ ವೇಷಭೂಷಣಕ್ಕೂ ಶಾಸ್ತ್ರೀಯವಾದ ಗೌರವವನ್ನು ತಂದುಕೊಟ್ಟರು. 1971ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಹುಟ್ಟಿತು. ಹೀಗೆ ಹಾಡುವ ಭಾಗವತನಿಗೂ ವೇಷಧಾರಿಗೂ ಚರಿತ್ರೆಯಲ್ಲಿ ಸ್ಥಾನ ಲಭಿಸಿದರೂ, ವೇಷಕ್ಕೆ ರಾಜತ್ವವನ್ನು ಕೆತ್ತಿಕೊಟ್ಟವನು ಬಣ್ಣದ ಮನೆಯಾದ ಚೌಕಿಯ ಹೊರಗೇ ಉಳಿದ.

ಸಂಗ್ರಾಹಕನ ಕೈಗೆ ಸಿಕ್ಕದ ಆಭರಣವೂ ಒಂದುಂಟು. ಅಭಿಮನ್ಯು, ಬಭ್ರುವಾಹನರ ತಲೆಯ ಮೇಲೆ ಪದ್ಮದಳದಂತೆ ನಿಲ್ಲುವ ಕೇದಗೆ ಮುಂದಲೆ ಎಂಬ ಮುಂಡಾಸು ಪೆಟ್ಟಿಗೆಯಿಂದ ತೆಗೆದು ಧರಿಸುವ ವಸ್ತುವಲ್ಲ. ಪ್ರತಿ ರಾತ್ರಿಯೂ ಚೌಕಿಯಲ್ಲಿ ಬಟ್ಟೆ ಸುತ್ತಿ, ಪಟ್ಟಿ ಬಿಗಿದು, ಕಟ್ಟಿಯೇ ಆಗಬೇಕು. ಬೆಳಗಿನ ಮಂಗಳದೊಡನೆ ಬಿಚ್ಚಿ ಮಡಚಬೇಕು. ಅದನ್ನು ಉಳಿಸುವ ದಾರಿ ಒಂದೇ: ಕಟ್ಟಲು ಬಲ್ಲವನು ಮತ್ತೊಬ್ಬನಿಗೆ ಕಲಿಸುವುದು. ಸಂಗ್ರಹಕ್ಕೆ ಇಷ್ಟೇ ವ್ಯಾಪ್ತಿ ಎಂಬುದನ್ನು ಒಪ್ಪಿಕೊಂಡರೂ, ಮರದ ಭಾಗವನ್ನಾದರೂ ಕಾಯುವುದು ಕರ್ತವ್ಯವೇ ಸರಿ. ಬೊಂಬೆಯಾಟದ ಕೊಗ್ಗ ಕಾಮತರ ಉಪ್ಪಿನಕುದ್ರುವಿನಲ್ಲಿ ಸೂತ್ರದ ಬೊಂಬೆಗಳು ಇದೇ ವೇಷವನ್ನು ಕಿರಿದಾಗಿ ಧರಿಸಿ ನಿಂತಿರುವುದನ್ನು ಕಂಡವರಿಗೆ, ಆಕೃತಿಯೊಂದು ತಲೆಮಾರುಗಳನ್ನು ದಾಟುವ ಬಗೆ ತಿಳಿಯುತ್ತದೆ.

ಕಡಲ ತೀರದ ತೇವದಲ್ಲಿ ಬೇಗಡೆಯ ಕಾಂತಿ ಕುಂದುತ್ತದೆ, ಹುಳು ಮರವನ್ನು ತಿನ್ನುತ್ತದೆ. ಮರದ ಬದಲಿಗೆ ಬಂದ ಥರ್ಮಾಕೋಲು ಅಗ್ಗ, ಹಗುರ, ಶೀಘ್ರ. ಮಂದಾರ್ತಿ ಕ್ಷೇತ್ರವೊಂದರಿಂದಲೇ ಐದು ಯಕ್ಷಗಾನ ಮೇಳಗಳು ಹೊರಡುವ ಈ ಸೀಮೆಯಲ್ಲಿ ಹೊಸತಕ್ಕೆ ಬೇಡಿಕೆಯಿರುವುದು ಸಹಜ, ಅದನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಮೇಳಗಳ ಯಜಮಾನರಲ್ಲಿ ಬೇಡಿಕೊಳ್ಳಬಹುದಾದುದು ಇಷ್ಟೆ: ಮಳೆಗಾಲಕ್ಕೆ ಪೆಟ್ಟಿಗೆ ಮುಚ್ಚುವ ಮುನ್ನ ಒಂದೊಂದು ಒಡವೆಯ ಹಿಂಬದಿಯಲ್ಲೂ ಕೆತ್ತಿದವನ ಹೆಸರನ್ನೂ ಊರನ್ನೂ ಬರೆಯಿಸಿ ಇಡಲಿ. ಇದಕ್ಕೆ ಹಣದ ಅಗತ್ಯವಿಲ್ಲ, ಒಂದು ಪೆನ್ಸಿಲು ಸಾಕು. ಆದರೆ ಕೇಳಿದೊಡನೆ ಹೆಸರು ಹೇಳಬಲ್ಲ ಹಿರಿಯರು ಒಂದೊಂದು ತಿರುಗಾಟ ಮುಗಿದಂತೆಯೂ ಕಡಮೆಯಾಗುತ್ತಿದ್ದಾರೆ.